ಬಾಗಿಲ ಹೊರಗಿನ ಚಪ್ಪಲಿ

ಸೋಮವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಬಂದರು ಠಾಣೆಯ ಮುಂದೆ ಕಂಪನಿಯ ಬಿಳಿ ಕಾರು ನಿಂತಿತು. ದೂರು ಕೊಡಲು ಬರುವವರು ಸಾಮಾನ್ಯವಾಗಿ ಮೆಟ್ಟಿಲ ಬಳಿ ಒಂದು ಗಳಿಗೆ ಅನುಮಾನಿಸುತ್ತಾರೆ. ಮ್ಯಾನೇಜರ್ ಅನುಮಾನಿಸಲಿಲ್ಲ. ಸ್ವಂತ ಮನೆಗೆ ಬಂದವನ ಹಾಗೆ ಒಳಗೆ ನಡೆದು, ಇನ್ಸ್‌ಪೆಕ್ಟರ್ ಎದುರಿನ ಕುರ್ಚಿ ಎಳೆದುಕೊಂಡು ಕೂತ.

"ನಮ್ಮ ಕೋಲ್ಡ್ ಸ್ಟೋರೇಜ್ ಬಾಗಿಲು ಯಾರೋ ತೆಗೆದಿಟ್ಟು ಹೋಗಿದಾರೆ, ಮೇಡಂ. ನಿನ್ನೆ ಇಡೀ ದಿನ ತೆರೆದೇ ಇತ್ತು. ಹೊರದೇಶಕ್ಕೆ ಹೋಗ್ಬೇಕಿದ್ದ ಮೀನು ಕರಗಿ ಕೂತಿದೆ."

"ಯಾರ ಮೇಲಾದರೂ ಅನುಮಾನ?"

"ಅನುಮಾನ ಏನು ಬಂತು? ವಾಚ್‌ಮನ್. ಎದುರಿಗೇ ಬಾಗಿಲು ತೆರೆದಿದ್ರೂ ಮುಚ್ಚಲಿಲ್ಲ ಅವನು."

"ಏನಾದರೂ ಕಳುವಾಗಿದೆಯಾ?"

"ಒಂದು ಮೀನೂ ಹೋಗಿಲ್ಲ. ಅದೇ ಹೊಟ್ಟೆ ಉರಿಯೋದು. ಕದ್ದಿದ್ರೆ ಯಾರೋ ಒಬ್ಬರು ತಿಂದ್ರು ಅಂತಾದ್ರೂ ಇರ್ತಿತ್ತು."

ಇನ್ಸ್‌ಪೆಕ್ಟರ್ ದೂರನ್ನು ಬರೆಸಿಕೊಂಡಳು. ಎಫ್‌ಐಆರ್ ದಾಖಲಾಯಿತು. ಏಳುವ ಮುನ್ನ ಮ್ಯಾನೇಜರ್, "ಸಂಜೆಯೊಳಗೆ ಅವನನ್ನ ಒಳಗೆ ಹಾಕಿದ್ರೆ ಮೇಲಿನವರಿಗೆ ಹೇಳೋಕೆ ಸುಲಭ. ಕ್ವಾರ್ಟರ್ಸ್ ಖಾಲಿ ಮಾಡು ಅಂತ ನಾವೂ ಹೇಳಿಬಿಟ್ಟಿದೀವಿ," ಎಂದ.

"ಅವನ ಮನೆಯವರು?"

"ಅವರೂ ನಮ್ಮಲ್ಲೇ ಕೆಲಸ ಮಾಡೋದು," ಎಂದು ಹೇಳಿ ಹೋದ. ಆ ಊರಲ್ಲಿ ಅದಕ್ಕಿಂತ ಹೆಚ್ಚಿಗೆ ಹೇಳಬೇಕಾದ್ದೇನೂ ಇರಲಿಲ್ಲ.

ದೋಣಿ ಕಂಪನಿಯದು, ಐಸ್ ಕಾರ್ಖಾನೆ ಕಂಪನಿಯದು, ಡೀಸೆಲ್ ಪಂಪು, ಬಲೆ ಮಾರುವ ಅಂಗಡಿ, ಕಾರ್ಮಿಕರ ಲೈನು ಮನೆ, ಎಲ್ಲವೂ ಕಂಪನಿಯದೇ. ಅರ್ಧ ಊರು ಕಂಪನಿಯಲ್ಲಿ ದುಡಿಯುತ್ತಿತ್ತು, ಉಳಿದರ್ಧ ದುಡಿಯುವವರಿಗೆ ಸಾಮಾನು ಮಾರುತ್ತಿತ್ತು. ವರ್ಗವಾಗಿ ಬಂದ ಹೊಸತರಲ್ಲಿ ಇನ್ಸ್‌ಪೆಕ್ಟರ್ ಅಂಗಡಿಯಲ್ಲಿ ಮೀನಿನ ಡಬ್ಬಿ ಕೊಳ್ಳಲು ಹೋಗಿ, ಯಾವ ಹೆಸರಿನದು ಒಳ್ಳೆಯದು ಎಂದು ಕೇಳಿದ್ದಳು. ಅಂಗಡಿಯವಳು ನಕ್ಕು, "ಯಾವುದಾದ್ರೂ ತಗೊಳ್ಳಿ ಅಮ್ಮ, ಎಲ್ಲ ಒಂದೇ ಬೆಲ್ಟಿನ ಮೇಲೆ ಬರೋದು. ಚೀಟಿ ಮಾತ್ರ ಬೇರೆ," ಎಂದಿದ್ದಳು. ಆ ಊರಲ್ಲಿ ಯಾರಾದರೂ ಅವಳೆದುರು ನಕ್ಕಿದ್ದು ಅದೊಂದೇ ಸಲ. ಪೊಲೀಸಿನವಳು ಎಂದು ತಿಳಿದ ಮೇಲೆ ಆಕೆಯೂ ಚಿಲ್ಲರೆ ಎಣಿಸಿ ಕೊಟ್ಟು ಸುಮ್ಮನಾಗುತ್ತಿದ್ದಳು. ಅಂದಿನಿಂದ ಇನ್ಸ್‌ಪೆಕ್ಟರ್ ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಡಬ್ಬಿ ತೆರೆದು, ಡಬ್ಬಿಯಲ್ಲೇ ಊಟ ಮುಗಿಸುವುದನ್ನು ರೂಢಿ ಮಾಡಿಕೊಂಡಿದ್ದಳು. ಒಬ್ಬಳಿಗೆ ಯಾಕೆ ತಟ್ಟೆ ತೊಳೆಯುವುದು?

ಒಂಬತ್ತು ಗಂಟೆಗೆ ಅವಳು ದಫೇದಾರರನ್ನೂ ಮಹಿಳಾ ಪೇದೆಯನ್ನೂ ಕರೆದುಕೊಂಡು ಸ್ಥಳಕ್ಕೆ ಹೋದಳು.

ವಾಚ್‌ಮನ್ ಗೋಡೆಗೆ ಒರಗಿಸಿದ ಸ್ಟೂಲಿನ ಮೇಲೆ ಕೂತಿದ್ದ. ಸುತ್ತ ನಾಲ್ಕು ಜನ ನಿಂತಿದ್ದರೂ ಅವನ ಪಕ್ಕದಲ್ಲಿ ಮಾತ್ರ ಯಾರೂ ಇರಲಿಲ್ಲ.

"ಬಾಗಿಲು ತೆರೆದದ್ದು ಯಾವಾಗ ನೋಡಿದಿರಿ?"

"ನಿನ್ನೆ ಮಧ್ಯಾಹ್ನ ಡ್ಯೂಟಿಗೆ ಬಂದಾಗ, ಅಮ್ಮ."

"ಯಾಕೆ ಮುಚ್ಚಲಿಲ್ಲ?"

"ಚಪ್ಪಲಿ ಇತ್ತಲ್ಲ."

ಮ್ಯಾನೇಜರ್ ಹಣೆ ಚಚ್ಚಿಕೊಂಡ. "ಕೇಳಿದ್ರಾ? ಒಂದು ಜೊತೆ ಹವಾಯಿ ಚಪ್ಪಲಿ ನೋಡಿ ಹಡಗಿನಷ್ಟು ಮೀನು ಹಾಳು ಮಾಡಿದಾನೆ!"

ವಾಚ್‌ಮನ್ ಎದ್ದು ತೋರಿಸಿದ. ದಪ್ಪ ಬಾಗಿಲಿನ ಎಡಕ್ಕೆ ಗೋಡೆಯುದ್ದಕ್ಕೂ ಗೂಟಗಳಿದ್ದವು. ಕೋಲ್ಡ್ ಸ್ಟೋರೇಜಿನ ಒಳಗೆ ಹೋಗುವವರು ತಮ್ಮ ಚಪ್ಪಲಿಯನ್ನು ಗೂಟಕ್ಕೆ ನೇತುಹಾಕಿ, ಕಂಪನಿಯ ಬೂಟು ತೊಟ್ಟು ಹೋಗಬೇಕು. ಹೊರಗೆ ಚಪ್ಪಲಿ ಇದೆಯೆಂದರೆ ಒಳಗೆ ಆಳಿದ್ದಾನೆ. ಚಪ್ಪಲಿ ಇರುವ ತನಕ ಬಾಗಿಲಿಗೆ ಯಾರೂ ಕೈ ಹಚ್ಚುವಂತಿಲ್ಲ. ಬಹಳ ಹಿಂದೆ ಒಬ್ಬ ಹಮಾಲಿ ಒಳಗಿದ್ದದ್ದನ್ನು ನೋಡದೆ ಬೀಗ ಜಡಿದಿದ್ದರಂತೆ. ಬಾಗಿಲು ತೆರೆದದ್ದು ರಜೆ ಮುಗಿದ ಮೇಲೆ. ಆಮೇಲೆ ಕಂಪನಿ ಒಂದು ಎಚ್ಚರಿಕೆಯ ಹಲಗೆ ನೇತುಹಾಕಿತು, ಕೆಲಸದವರು ಚಪ್ಪಲಿ ನೇತುಹಾಕಿದರು. ಹಲಗೆಯ ಬಣ್ಣ ಮಾಸಿತ್ತು. ಚಪ್ಪಲಿಯ ಕಟ್ಟಳೆ ಮಾಸಿರಲಿಲ್ಲ.

"ಕೂಗಿ ನೋಡಲಿಲ್ವಾ?"

"ಗಂಟಲು ಕಟ್ಟೋ ತನಕ ಕೂಗಿದೆ. ಒಳಗೆಲ್ಲ ಹೊಗೆ ಹೊಗೆ, ಏನೂ ಕಾಣ್ತಿರಲಿಲ್ಲ. ಸೂಪರ್‌ವೈಸರಿಗೆ ಫೋನ್ ಮಾಡಿದೆ. 'ಚಪ್ಪಲಿ ಇದೆಯಾ? ಹಾಗಾದ್ರೆ ಮೆಕ್ಯಾನಿಕ್ ಇರ್ತಾನೆ, ಮುಟ್ಟಬೇಡ' ಅಂದ್ರು. ಇವತ್ತು ಕೇಳಿದ್ರೆ ಫೋನೇ ಬಂದಿಲ್ಲ ಅಂತಾರೆ." ಅವನು ಚಪ್ಪಲಿಯತ್ತ ಕೈ ಮಾಡಿದ. "ನೀವೇ ಹೇಳಿ, ಒಳಗೆ ಒಬ್ಬ ಇದ್ದು ನಾನು ಮುಚ್ಚಿದ್ದಿದ್ರೆ?"

ಇನ್ಸ್‌ಪೆಕ್ಟರ್ ಚಪ್ಪಲಿಯ ಹತ್ತಿರ ಹೋಗಿ ನೋಡಿದಳು. ಚಪ್ಪಲಿ ಯಾರದೆಂದು ಗೊತ್ತಾಗದಿದ್ದರೆ ಈ ಮನುಷ್ಯ ಸಂಜೆಗೆ ಲಾಕಪ್ಪಿನಲ್ಲಿ, ಅವನ ಹೆಂಡತಿ ಪಾತ್ರೆಪಗಡ ಹಿಡಿದು ರಸ್ತೆಯಲ್ಲಿ. ಅಷ್ಟು ಸ್ಪಷ್ಟವಿತ್ತು.

ಒಂಬತ್ತೂವರೆಗೆ ಪಂಚನಾಮೆ ಶುರುವಾಯಿತು. ಗುಮಾಸ್ತ ಒಬ್ಬ, ಫೋರ್ಕ್‌ಲಿಫ್ಟ್ ಓಡಿಸುವವನೊಬ್ಬ ಪಂಚರು. ಚಿಲಕಕ್ಕೆ ಪೆಟ್ಟು ಬಿದ್ದಿರಲಿಲ್ಲ. ನೆಲದ ಮೇಲೆ ಕೆಂಪು ನೀರು ನಿಂತಿತ್ತು, ವಾಸನೆಗೆ ಗುಮಾಸ್ತ ಎರಡು ಸಲ ಹೊರಗೆ ಓಡಿದ. ಸಣ್ಣ ರಟ್ಟಿನ ಪೆಟ್ಟಿಗೆಗಳು ಅಟ್ಟಿ ಹಾಕಿದ್ದು ಹಾಕಿದ ಹಾಗೇ ಇದ್ದವು. ತೆರೆದಿದ್ದವೆಲ್ಲ ದೊಡ್ಡ ಮೀನನ್ನು ಇಡಿಯಾಗಿ ಇಡುವ ಆಳುದ್ದದ ಪೆಟ್ಟಿಗೆಗಳು. ಅವುಗಳಲ್ಲೂ ಮುಂದಿನ ಸಾಲು ಮಾತ್ರ. ಹಿಂದಿನ ಸಾಲು ಮುಟ್ಟಿರಲಿಲ್ಲ. ಅಂಟುಪಟ್ಟಿಯನ್ನು ಚಾಕುವಿನಿಂದ ನೇರವಾಗಿ ಕೊಯ್ದು, ಮುಚ್ಚಳಗಳನ್ನು ಗೋಡೆಗೆ ಒರಗಿಸಿ ಇಡಲಾಗಿತ್ತು.

ದಫೇದಾರರು ಒಂದು ಪೆಟ್ಟಿಗೆಯ ಮೇಲೆ ಬಾಗಿದರು. ಮೀನಿನ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು ತಲೆಯ ಕಡೆ ಮಾತ್ರ ಸರಿಸಿ, ನೋಡಿ, ಮತ್ತೆ ಹೊದಿಸಿ, ಅಂಚು ಒಳಗೆ ಸೇರಿಸಿದ ಹಾಗಿತ್ತು. ಎಲ್ಲ ಪೆಟ್ಟಿಗೆಗಳಲ್ಲೂ ಅದೇ.

"ಮೇಡಂ, ಮೂವತ್ತು ವರ್ಷದಲ್ಲಿ ಇಂಥ ಕಳ್ಳನ್ನ ನೋಡಿಲ್ಲ," ಎಂದರು. "ಮಲಗಿದ ಮಕ್ಕಳಿಗೆ ಹೊದಿಸಿದ ಹಾಗೆ ಹೊದಿಸಿ ಹೋಗಿದಾನೆ."

ಇನ್ಸ್‌ಪೆಕ್ಟರ್ ಗೂಟದಿಂದ ಚಪ್ಪಲಿ ತೆಗೆಸಿ, ಕಾಗದದಲ್ಲಿ ಸುತ್ತಿಸಿಕೊಂಡಳು. ಆಮೇಲೆ, "ಉಳಿದ ಮೀನಾದರೂ ಉಳಿಯಲಿ. ಬಾಗಿಲು ಮುಚ್ಚಿ," ಎಂದಳು. ಮೂಲೆಯಲ್ಲಿ ನಿಂತಿದ್ದ ವಯಸ್ಸಾದ ಹಮಾಲಿಯೊಬ್ಬ ಏನೋ ಹೇಳಲು ಬಾಯಿ ತೆರೆದ. ಅವಳು ಅವನತ್ತ ತಿರುಗುವಷ್ಟರಲ್ಲಿ ಬಾಗಿಲು ಧಪ್ಪೆಂದು ಮುಚ್ಚಿತ್ತು, ಅವನ ಬಾಯಿಯೂ ಮುಚ್ಚಿತ್ತು.

ಊಟದ ಕೋಣೆಯಲ್ಲಿ ವಿಚಾರಣೆ ನಡೆಯಿತು. ಕೋಲ್ಡ್ ಸ್ಟೋರೇಜಿನ ಪ್ರತಿಯೊಬ್ಬನ ಕಾಲಲ್ಲೂ ಅವನವನ ಚಪ್ಪಲಿ ಇತ್ತು. ಮೇಜಿನ ಮೇಲಿನ ಜೊತೆ ಅವರೆಲ್ಲರಿಗಿಂತ ದೊಡ್ಡದು. ದಫೇದಾರರು ಪಕ್ಕದಲ್ಲಿ ತಮ್ಮ ಕಾಲಿಟ್ಟು ಅಳತೆ ನೋಡಿ, "ನನಗೆ ಇದು ಚಪ್ಪಲಿ ಅಲ್ಲ, ದೋಣಿ. ಹುಟ್ಟು ಒಂದು ಕೊಟ್ರೆ ಆಚೆ ದಡ ಸೇರ್ತೀನಿ," ಎಂದರು. ಯಾರೂ ನಗಲಿಲ್ಲ. ದಫೇದಾರರ ಜೋಕಿಗೆ ನಗದ ಜನ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಇನ್ಸ್‌ಪೆಕ್ಟರಿಗೆ ಅನಿಸಿತು. ಅಷ್ಟೇನೂ ಕೆಟ್ಟ ಜೋಕಲ್ಲ ಅದು.

ಅವಳು ಚಪ್ಪಲಿಯನ್ನು ಬೆಳಕಿಗೆ ಹಿಡಿದಳು. ಬಲಗಾಲಿನ ಬಾರು ಕಿತ್ತುಹೋಗಿದ್ದು, ನೀಲಿ ಬಲೆಯ ದಾರದಿಂದ ಒತ್ತೊತ್ತಾಗಿ ಹೊಲಿಗೆ ಹಾಕಿತ್ತು. ಅಡಿ ಒಣಗಿತ್ತು. ಬೆರಳಿನ ಗುಳಿಯಲ್ಲಿ ತೆಳ್ಳಗೆ ಬೂಷ್ಟು. ಎಷ್ಟೋ ದಿನದಿಂದ ಮಂಚದ ಕೆಳಗಿದ್ದ ಚಪ್ಪಲಿ. ನೆಲವೆಲ್ಲ ನೀರಾಗಿದ್ದ ಕಡೆ ಇದನ್ನು ಯಾರೂ ಹಾಕಿಕೊಂಡು ಬಂದಿಲ್ಲ, ಕೈಯಲ್ಲಿ ತಂದಿದ್ದಾರೆ.

"ಇದು ಯಾರದು?"

"ನಮ್ಮಲ್ಲಿ ಯಾರದ್ದೂ ಅಲ್ಲ," ಎಂದ ಫೋರ್ಕ್‌ಲಿಫ್ಟಿನವನು.

"ಯಾರದ್ದಲ್ಲ ಅಂತ ನಾನು ಕೇಳಲಿಲ್ಲ."

ಎಲ್ಲರೂ ನೆಲ ನೋಡಿದರು. ವಯಸ್ಸಾದ ಹಮಾಲಿ ಮಾತ್ರ ತಲೆ ಎತ್ತಿ, "ಹೇಳಿದ್ರೆ ವಾಚ್‌ಮನ್‌ನ ಬಿಡ್ತೀರಾ?" ಎಂದ.

"ಹೇಳೋದು ನಿಜವಾದರೆ."

"ಉದ್ದಣ್ಣಂದು." ಪಕ್ಕದವನು ಅವನ ತೋಳು ಹಿಡಿದ. ಹಮಾಲಿ ಕೈ ಕೊಡವಿದ. "ಬಿಡೋ, ಒಬ್ಬನನ್ನ ಉಳಿಸೋಕೆ ಇನ್ನೊಬ್ಬರ ಹೆಸರು ಹೇಳ್ಲೇಬೇಕು. ಉದ್ದಣ್ಣ ಇಲ್ಲೇ ನನ್ನ ಜೊತೆ ಪೆಟ್ಟಿಗೆ ಹೊರ್ತಿದ್ದ, ಅಮ್ಮ. ಇಷ್ಟೆತ್ತರ ಆಳು, ಬಾಗಿಲಿಗೆ ತಲೆ ತಗ್ಗಿಸಿಯೇ ಬರ್ತಿದ್ದ. ಆಮೇಲೆ ಕಂಪನಿಯ ದೊಡ್ಡ ಹಡಗಿಗೆ ಹೋದ. ಈ ಮಳೆಗಾಲಕ್ಕೆ ಮುಂಚೆ ತೀರಿಹೋದ ಅಂತ ಸುದ್ದಿ ಬಂತು."

"ಮನೆಯಲ್ಲಿ ಯಾರಿದ್ದಾರೆ?"

"ಅಕ್ಕ ಒಬ್ಬಳೇ. ಡಬ್ಬಿ ವಿಭಾಗದಲ್ಲಿ ಮೀನು ಹಸನು ಮಾಡ್ತಾಳೆ. ಭಾನುವಾರ..." ಅವನು ನಿಲ್ಲಿಸಿದ.

"ಭಾನುವಾರ?"

"ನೆಲ ತೊಳೆಯೋಕೆ ಬರ್ತಾಳೆ," ಎಂದು ಹೇಳಿ ಹಮಾಲಿ ಮುಖ ತಿರುಗಿಸಿಕೊಂಡ. ಅವನು ಹೊರಗೆ ಹೋಗುವಾಗ ಯಾರೂ ಅವನಿಗೆ ದಾರಿ ಬಿಡಲಿಲ್ಲ. ಅವನೇ ಪಕ್ಕಕ್ಕೆ ಸರಿದು ಹೋದ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಮ್ಯಾನೇಜರನ ಕೋಣೆಗೆ ಹೋದಳು. ಗೋಡೆಯ ಮೇಲೆ ಭೂಪಟವಿತ್ತು. ಸಮುದ್ರದ ತುಂಬ ಸಣ್ಣ ಸಣ್ಣ ಕೆಂಪು ಗುಂಡುಸೂಜಿಗಳು.

"ನಿಮ್ಮ ಹಡಗಿನಲ್ಲಿ ತೀರಿಹೋದ ಒಬ್ಬ ಆಳಿನ ವಿಷಯ ಕೇಳಬೇಕಿತ್ತು."

"ನಮಗೆ ಹಡಗಿಲ್ಲ, ಮೇಡಂ."

"ಬಂದರಿನಲ್ಲಿ ನಿಂತಿರೋದು?"

"ಅದು ಬೇರೆ ಕಂಪನಿ. ಅದರ ಬಾವುಟವೇ ಬೇರೆ ದೇಶದ್ದು. ನಮ್ಮ ಮೇಲಿನ ಕಂಪನಿಗೂ ಆ ಕಂಪನಿಯ ಮೇಲಿನ ಕಂಪನಿಗೂ ಏನೋ ಸಂಬಂಧ ಇದೆ, ಅಷ್ಟೇ."

"ಮೀನು ಯಾರದು?"

"ಮೀನು ನಮ್ಮದೇ."

"ಹಿಡಿದ ಬಲೆ?"

"ಬಾಡಿಗೆಯದು."

"ಬಲೆ ಎಳೆದ ಮನುಷ್ಯ?"

"ಏಜೆನ್ಸಿಯವನು. ಆ ಏಜೆನ್ಸಿ ಈಗ ಮುಚ್ಚಿದೆ." ಮ್ಯಾನೇಜರ್ ಮೇಜಿನ ಮೇಲಿನ ಪೆನ್ನನ್ನು ಸರಿಮಾಡಿಟ್ಟ. ಕೆಟ್ಟ ಮನುಷ್ಯನ ಮುಖವಲ್ಲ ಅವನದು, ನಿದ್ದೆಗೆಟ್ಟವನ ಮುಖ. "ನೋಡಿ, ಈ ಗುಂಡುಸೂಜಿಗಳಿಗೆಲ್ಲ ಯಜಮಾನರು ಯಾರು ಅಂತ ನಿಜವಾಗಿ ನನಗೂ ಗೊತ್ತಿಲ್ಲ. ನಾನೂ ಫೋನಿನಲ್ಲೇ ಮಾತಾಡೋದು."

"ಹಡಗಿನ ಮೀನು ಇಲ್ಲಿ ಇಳಿದದ್ದು ಯಾವತ್ತು?"

"ಶನಿವಾರ."

ಮೆಟ್ಟಿಲಿಳಿಯುವಾಗ ಅವಳ ಫೋನು ಹೊಡೆದುಕೊಂಡಿತು. ಅಮ್ಮ. "ಊಟ ಆಯ್ತೇನೇ? ಏನು ಊಟ? ಮತ್ತೆ ಆ ದರಿದ್ರ ಡಬ್ಬಿನಾ? ನಿನ್ನ ತಮ್ಮ ಕೇಳ್ತಿದ್ದ ನಿನ್ನ," ಎಂದಳು. ತಮ್ಮ ಕೇಳಿರಲಾರ. ಮೂರು ವರ್ಷದಿಂದ ಅವರಿಬ್ಬರ ನಡುವೆ ಮಾತಿಲ್ಲ. ಅಮ್ಮ ವಾರಕ್ಕೊಮ್ಮೆ ಈ ಸುಳ್ಳು ಹೇಳುತ್ತಾಳೆ, ಇವಳು "ನಾನೂ ಕೇಳಿದೆ ಅನ್ನು" ಎಂದು ವಾರಕ್ಕೊಮ್ಮೆ ಹೇಳುತ್ತಾಳೆ. ಇವತ್ತೂ ಹಾಗೇ ಹೇಳಿ ಫೋನಿಟ್ಟಳು.

ಹಗಲು ಪಾಳಿ ಬಿಟ್ಟ ಮೇಲೆ, ನಾಲ್ಕು ಗಂಟೆಗೆ, ಪೊಲೀಸರು ಲೈನು ಮನೆಗೆ ಹೋದರು. ನಲ್ಲಿಯ ಹತ್ತಿರ ಗಲಗಲ ಮಾತಾಡುತ್ತಿದ್ದ ಹೆಂಗಸರು ಯೂನಿಫಾರ್ಮ್ ಕಂಡದ್ದೇ ಕೊಡದೊಳಗೆ ನೀರು ಬೀಳುವ ಸದ್ದನ್ನು ಮಾತ್ರ ಉಳಿಸಿ ಸುಮ್ಮನಾದರು. ಕೊನೆಯ ಮನೆಯ ಬಾಗಿಲು ತೆರೆದೇ ಇತ್ತು. ಐವತ್ತು ದಾಟಿದ ಹೆಂಗಸೊಬ್ಬಳು ತಲೆ ಬಾಚಿ, ಒಗೆದ ಸೀರೆ ಉಟ್ಟು ಕೂತಿದ್ದಳು. ಎರಡೂ ಕೈಯ ಬೆರಳುಗಳಿಗೆ ಬಟ್ಟೆ ಸುತ್ತಿತ್ತು.

"ಬನ್ನಿ," ಎಂದಳು. "ನಾನೇ ಹೊರಟಿದ್ದೆ. ಪಾಳಿ ಮಧ್ಯೆ ಬಿಡಲ್ಲ ಅವರು. ಚಪ್ಪಲಿ ನಿಮ್ಮ ಹತ್ರ ಇದೆಯಾ?"

"ಇದೆ. ಅದು ನಿಮ್ಮದೇನಾ?"

"ತಮ್ಮಂದು. ಹೊಲಿಗೆ ನಂದು."

"ನಿನ್ನೆ ಕೋಲ್ಡ್ ಸ್ಟೋರೇಜಿನ ಒಳಗೆ ಹೋಗಿದ್ರಾ?"

"ಹೋಗಿದ್ದೆ. ಬೆಳಿಗ್ಗೆ ನೆಲ ತೊಳೆದಾದ ಮೇಲೆ ಉಳಿದೋರನ್ನ ನಾನು ಮುಗಿಸ್ತೀನಿ ಅಂತ ಮನೆಗೆ ಕಳಿಸಿದೆ."

"ಯಾಕೆ ಹೋದಿರಿ?"

"ಅವನನ್ನ ಹುಡುಕೋಕೆ."

ದಫೇದಾರರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಅವಳು ಅವರ ಕಡೆ ನೋಡದೆ, ಬೆರಳಿನ ಬಟ್ಟೆಯ ತುದಿಯನ್ನು ಸುತ್ತಿನೊಳಗೆ ಸೇರಿಸುತ್ತ ಹೇಳಿದಳು. ಕಂಪನಿಯವರು ಕರೆದು ಕೂರಿಸಿ, ನೀರು ಕೊಟ್ಟು, ನಿಮ್ಮ ತಮ್ಮನಿಗೆ ಜ್ವರ ಬಂತು, ಹೋದ, ಸಮುದ್ರಕ್ಕೇ ಒಪ್ಪಿಸಿದೆವು ಎಂದಿದ್ದರು. ಅವಳು ನಂಬಿದ್ದಳು. ಕಳೆದ ವಾರ ಹಡಗು ಬಂತು. ಹಡಗಿನ ಅಡುಗೆಯವನು ಮನೆ ಹುಡುಕಿಕೊಂಡು ಬಂದ. ಕೂರಲಿಲ್ಲ, ನಿಂತುಕೊಂಡೇ ಹೇಳಿದ.

"ಸಮುದ್ರಕ್ಕೆ ಹಾಕಲಿಲ್ಲವಂತೆ. ದಡ ಸಿಕ್ಕಾಗ ಇಳಿಸೋಣ ಅಂತ ಬಟ್ಟೆ ಸುತ್ತಿ ಮೀನಿನ ಜೊತೆ ತಣ್ಣಗೆ ಇಟ್ರಂತೆ. ಆ ಹಡಗು ದಡಕ್ಕೆ ಬರೋದೇ ಅಪರೂಪ. ನಡುನೀರಿಗೇ ಬೇರೆ ಹಡಗು ಬಂದು, ಅಕ್ಕಿ, ಎಣ್ಣೆ ಕೊಟ್ಟು, ಮೀನು ತುಂಬ್ಕೊಂಡು ಹೋಗುತ್ತೆ. ಹಾಗೆ ಒಂದು ಸಲ ತುಂಬಿ ಕಳಿಸಿದ ಮೇಲೆ ನೋಡ್ತಾರೆ, ಇವನಿಲ್ಲ. ಯಾವ ಹಡಗಿಗೆ ಹೋದ, ಯಾವ ಪೆಟ್ಟಿಗೆಗೆ ಹೋದ, ಯಾರಿಗೂ ಗೊತ್ತಿಲ್ಲ. ಯಾರೂ ಹುಡುಕಲೂ ಇಲ್ಲ. ಆ ಪೆಟ್ಟಿಗೆಗಳೆಲ್ಲ ಹಡಗಿಂದ ಹಡಗಿಗೆ ಸುತ್ತಿ ಕೊನೆಗೆ ಇಲ್ಲಿಗೂ ಬರ್ತಾವೆ, ಶನಿವಾರ ಇಳಿಸಿದ್ರಲ್ಲಿ ಇವನೂ ಇರಬಹುದು ಅನ್ನಿಸ್ತು." ಅವಳು ಉಸಿರು ತಗೊಂಡಳು. "ನಾನು ದಿನಾ ಹಸನು ಮಾಡೋದು ಅದೇ ಹಡಗುಗಳ ಮೀನು, ಅಮ್ಮ. ಅವನು ಮಲಗಿದ್ದ ಜಾಗದಲ್ಲೇ ಅದೂ ಮಲಗಿ ಬಂದಿರುತ್ತೆ. ಬೆಲ್ಟು ನಿಲ್ಲಲ್ಲ. ಕೈ ಹೇಗೆ ನಿಲ್ಲಿಸ್ಲಿ?"

"ಸಿಕ್ಕನಾ?" ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಆ ಪ್ರಶ್ನೆ ತನಿಖೆಯದಾಗಿರಲಿಲ್ಲ.

"ಇಲ್ಲ. ಮುಂದಿನ ಸಾಲು ಮುಗಿಯೋ ಹೊತ್ತಿಗೆ ಬೆರಳು ಮಡಚಲಿಲ್ಲ. ಚಾಕು ಕೈಯಿಂದ ಬಿತ್ತು."

"ಬಾಗಿಲು ಯಾಕೆ ಮುಚ್ಚಲಿಲ್ಲ?"

"ಹಿಂದಿನ ಸಾಲು ನೋಡಿರಲಿಲ್ವಲ್ಲ. ಅವನು ಒಳಗೇ ಇದ್ರೆ? ಮತ್ತೆ ಅವನ ಮೇಲೆ ಬಾಗಿಲು ಹಾಕಿ ಬರ್ಲಾ ನಾನು?"

"ಚಪ್ಪಲಿ?"

"ಸಿಕ್ಕಿದ್ರೆ ಹಾಕಿಸೋಣ ಅಂತ ಚೀಲದಲ್ಲಿ ತಂದಿದ್ದೆ. ಬರಿಗಾಲಲ್ಲಿ ಹೇಗೆ ಮನೆಗೆ ಕರ್ಕೊಂಡು ಬರೋದು? ಸಿಗಲಿಲ್ಲ. ಅವನ ಗೂಟಕ್ಕೆ ಹಾಕಿ ಬಂದೆ. ಚಪ್ಪಲಿ ಇದ್ರೆ ಯಾರೂ ಮುಚ್ಚಲ್ಲ."

"ಮೀನು ಹಾಳಾಗುತ್ತೆ ಅಂತ ಗೊತ್ತಿತ್ತು."

"ಗೊತ್ತಿತ್ತು. ವಾಚ್‌ಮನ್ ತಲೆ ಮೇಲೆ ಬರುತ್ತೆ ಅಂತ ಗೊತ್ತಿರಲಿಲ್ಲ. ಅವನ ಹೆಂಡತಿ ಮಧ್ಯಾಹ್ನ ಬೆಲ್ಟಿನ ಹತ್ರ ನಿಂತು ಅಳ್ತಿದ್ಲು, ಆಗ ಗೊತ್ತಾಯ್ತು." ಆಮೇಲೆ ಅವಳು ಮೊದಲ ಸಲ ಇನ್ಸ್‌ಪೆಕ್ಟರ್ ಮುಖ ನೋಡಿದಳು. "ಈಗ ಬಾಗಿಲು ಮುಚ್ಚಿದೆಯಾ?"

"ನಾನೇ ಮುಚ್ಚಿಸಿದೆ."

"ಕರೆದ್ರಾ?"

"ಏನು?"

"ಮುಚ್ಚೋಕೆ ಮುಂಚೆ ಒಳಗೆ ಮುಖ ಮಾಡಿ ಮೂರು ಸಲ ಕರೀಬೇಕು. ಗೂಟ ಖಾಲಿ ಇದ್ರೂ ಕರೀಬೇಕು."

ಬಾಯಿ ತೆರೆದು ಮುಚ್ಚಿದ ಹಮಾಲಿಯ ಮುಖ ಇನ್ಸ್‌ಪೆಕ್ಟರ್ ಕಣ್ಣ ಮುಂದೆ ಬಂತು. "ಇಲ್ಲ," ಎಂದಳು.

ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ನಾಲ್ಕೂ ಮುಕ್ಕಾಲಿಗೆ, ಬಂಧನಕ್ಕೆ ಕಾರಣ ತಿಳಿಸಿ, ಮಹಿಳಾ ಪೇದೆ ಅವಳ ಪಕ್ಕ ನಿಂತಳು. ಕೈ ಹಿಡಿಯಲು ಹೋಗಿ, ಸುತ್ತಿದ ಬಟ್ಟೆ ನೋಡಿ, ಮೊಣಕೈ ಹಿಡಿದಳು. ಜೀಪು ಠಾಣೆಯ ಕಡೆ ತಿರುಗುವಾಗ ಇನ್ಸ್‌ಪೆಕ್ಟರ್, "ಕಂಪನಿ ಕಡೆ ನಡೀರಿ. ಆರೋಪಿ ಸ್ಥಳ ತೋರಿಸಬೇಕು, ಮಹಜರು ಆಗಬೇಕು," ಎಂದಳು. ಡ್ರೈವರ್ ಸ್ಟೇರಿಂಗ್ ತಿರುಗಿಸಿದ.

ಕೋಲ್ಡ್ ಸ್ಟೋರೇಜಿನ ಮುಂದೆ ಆಗಲೇ ಜನ ಸೇರಿದ್ದರು. ಅಕ್ಕ ತಾನು ತೆರೆದ ಪೆಟ್ಟಿಗೆಗಳನ್ನು ಒಂದೊಂದಾಗಿ ತೋರಿಸಿದಳು. ಹಿಂದಿನ ಸಾಲಿನ ಮುಂದೆ ಬಂದು ನಿಂತಳು.

"ಇವನ್ನೂ ತೆಗೆಸಿ," ಎಂದಳು ಇನ್ಸ್‌ಪೆಕ್ಟರ್.

ಮ್ಯಾನೇಜರ್ ಮುಂದೆ ನುಗ್ಗಿದ. "ಮೇಡಂ, ಅದು ಸರಕು!"

"ಎಲ್ಲ ಕರಗಿ ಹಾಳಾಗಿದೆ ಅಂತ ನೀವೇ ಬೆಳಿಗ್ಗೆ ದೂರಿನಲ್ಲಿ ಬರೆಸಿದ್ದೀರಿ. ಹಾಳಾದ ಸರಕನ್ನು ಎಣಿಸಿ ದಾಖಲಿಸಬೇಕು. ತೆಗೆಸಿ."

ಹೇಳಿಸಿಕೊಳ್ಳಲು ಯಾರೂ ಕಾಯಲಿಲ್ಲ. ಬೆಳಿಗ್ಗೆ ನೆಲ ನೋಡುತ್ತಿದ್ದ ಹಮಾಲಿಗಳೆಲ್ಲ ಚಪ್ಪಲಿ ಕಳಚಿ ಗೂಟಕ್ಕೆ ಹಾಕಿ ಒಳಗೆ ಬಂದರು. ವಯಸ್ಸಾದವನೂ ಬಂದ; ಈ ಸಲ ಅವನಿಗೆ ದಾರಿ ಬಿಟ್ಟರು. ಒಂದೊಂದೇ ಮುಚ್ಚಳ ಎದ್ದಿತು. ಪ್ರತಿ ಸಲವೂ ಎಲ್ಲರೂ ಸ್ವಲ್ಪ ಹಿಂದೆ ಸರಿದು ನಿಲ್ಲುತ್ತಿದ್ದರು, ಅಕ್ಕ ಒಬ್ಬಳೇ ಮುಂದೆ ಬಾಗಿ ಹಾಳೆ ಸರಿಸುತ್ತಿದ್ದಳು. ಮೀನು. ಮೀನು. ಮತ್ತೆ ಮೀನು. ದುಂಡು ಕಣ್ಣಿನ, ಬೆಳ್ಳಿ ಹೊಟ್ಟೆಯ, ಯಾವ ಊರಿನದೂ ಅಲ್ಲದ ಮೀನು. ಅವಳು ಪ್ರತಿಯೊಂದಕ್ಕೂ ಹಾಳೆಯನ್ನು ಮತ್ತೆ ಹೊದಿಸಿದಳು.

ಕೊನೆಯ ಪೆಟ್ಟಿಗೆಯ ಮುಂದೆ ಅವಳು ಬಹಳ ಹೊತ್ತು ನಿಂತಳು. ಆಮೇಲೆ ಅದನ್ನೂ ತೆರೆಸಿದಳು. ಅದರಲ್ಲೂ ಮೀನೇ ಇತ್ತು.

ಎಲ್ಲರೂ ಹೊರಗೆ ಬಂದು ಚಪ್ಪಲಿ ಹಾಕಿಕೊಂಡರು. ಗೂಟಗಳೆಲ್ಲ ಖಾಲಿಯಾದವು. ಬಾಗಿಲು ಮುಚ್ಚಲು ಯಾರೂ ಮುಂದೆ ಬರಲಿಲ್ಲ. ಇನ್ಸ್‌ಪೆಕ್ಟರ್ ಮಹಿಳಾ ಪೇದೆಗೆ ಕಣ್ಸನ್ನೆ ಮಾಡಿದಳು. ಪೇದೆ ಅಕ್ಕನ ಮೊಣಕೈ ಬಿಟ್ಟಳು. ಅಕ್ಕ ಹೊಸ್ತಿಲ ಮೇಲೆ ನಿಂತು, ಬಿಳಿ ಹೊಗೆಯೊಳಗೆ ಮುಖ ಮಾಡಿ, ಅಂಗಳದಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವ ದನಿಯಲ್ಲಿ, ಮೂರು ಸಲ ತಮ್ಮನನ್ನು ಕರೆದಳು. ದನಿ ವಾಪಸು ಬರಲಿಲ್ಲ. ಅಂಥ ಕೋಣೆಗಳಲ್ಲಿ ಬರುವುದಿಲ್ಲ. ಅವಳು ಭುಜ ಕೊಟ್ಟು ಬಾಗಿಲು ಮುಚ್ಚಿದಳು.

ವಾಚ್‌ಮನ್‌ನ ಹೇಳಿಕೆ ಪಡೆದು ಸಂಜೆಯೇ ಬಿಟ್ಟು ಕಳಿಸಲಾಯಿತು. ಕ್ವಾರ್ಟರ್ಸ್ ವಿಷಯದಲ್ಲಿ ಕಂಪನಿ ಏನೂ ಹೇಳಲಿಲ್ಲ, ಅವನ ಹೆಂಡತಿ ಕಟ್ಟಿಟ್ಟ ಗಂಟನ್ನು ಬಿಚ್ಚಲೂ ಇಲ್ಲ. ನ್ಯಾಯಾಲಯಕ್ಕೆ ಕಳಿಸುವ ವರದಿಯಲ್ಲಿ ಕೃತ್ಯದ ಉದ್ದೇಶ ಎಂಬ ಕಡೆ ದಫೇದಾರರು 'ಕಂಪನಿಯ ಮೇಲಿನ ದ್ವೇಷ' ಎಂದು ಬರೆದಿದ್ದರು. ಇನ್ಸ್‌ಪೆಕ್ಟರ್ ಅದನ್ನು ಹೊಡೆದುಹಾಕಿ, 'ತಮ್ಮನನ್ನು ಮನೆಗೆ ಕರೆತರುವುದು' ಎಂದು ಬರೆದಳು.

ಆಮೇಲೆ ಇನ್ನೊಂದು ಎಫ್‌ಐಆರ್ ತೆಗೆಯಲು ಹೇಳಿದಳು. ಮನುಷ್ಯ ಕಾಣೆಯಾದ ಬಗ್ಗೆ. ದೂರುದಾರಳು, ಲಾಕಪ್ಪಿನಲ್ಲಿರುವ ಅಕ್ಕ.

ದಫೇದಾರರು ಪೆನ್ನು ಕಚ್ಚಿದರು. "ಬರೀತೀನಿ, ಮೇಡಂ. ಆದ್ರೆ ಕಾಣೆಯಾಗಿದ್ದು ಸಮುದ್ರದಲ್ಲಿ. ಯಾವ ಸಮುದ್ರ ಅಂತಲೂ ಗೊತ್ತಿಲ್ಲ. ನಮ್ಮ ಸರಹದ್ದಿಗೆ ಹೇಗೆ ಬರುತ್ತೆ?"

"ಅವನು ಹಡಗು ಹತ್ತಿದ್ದು ಎಲ್ಲಿ?"

"ನಮ್ಮ ಬಂದರಿನಲ್ಲಿ."

"ಅಕ್ಕ ಅವನನ್ನು ಕೊನೆಗೆ ನೋಡಿದ್ದು ಅಲ್ಲೇ ತಾನೇ? ಹಾಗಾದರೆ ಅಲ್ಲಿಂದಲೇ ಕಾಣೆಯಾಗಿದ್ದಾನೆ. ಬರೀರಿ. ಇದನ್ನ ಎಷ್ಟು ಜನ ವಾಪಸು ಕಳಿಸ್ತಾರೋ ಅಷ್ಟು ಸಲ ಮತ್ತೆ ಕಳಿಸೋಣ."

ದಫೇದಾರರು ಕುರ್ಚಿಯನ್ನು ಲಾಕಪ್ಪಿನ ಸರಳಿನ ಹತ್ತಿರ ಎಳೆದುಕೊಂಡರು. ಎತ್ತರ ಕೇಳಿದರು, ಮೈಬಣ್ಣ ಕೇಳಿದರು, ಕೊನೆಗೆ ನೋಡಿದಾಗ ಯಾವ ಅಂಗಿ ಎಂದು ಕೇಳಿದರು. ಅಕ್ಕ ಒಂದೊಂದಕ್ಕೂ ತಡವರಿಸದೆ ಹೇಳಿದಳು. ಇನ್ಸ್‌ಪೆಕ್ಟರ್ ತನ್ನ ಮೇಜಿನ ಹತ್ತಿರ, ಚಪ್ಪಲಿ ಸುತ್ತಿ ಮೊಹರು ಹಾಕಿದ ಕಾಗದದ ಪೊಟ್ಟಣದ ಎದುರು ಕೂತಿದ್ದಳು. ಕೈಯಲ್ಲಿ ಫೋನಿತ್ತು. ತಮ್ಮನ ಹೆಸರು ತೆರೆದಿಟ್ಟು, ಒತ್ತದೆ, ನೋಡುತ್ತಿದ್ದಳು.

"ಕಾಲಲ್ಲಿ ಏನಿತ್ತು?" ಎಂದು ದಫೇದಾರರು ಕೇಳಿದರು.

"ಏನೂ ಇಲ್ಲ," ಎಂದಳು ಅಕ್ಕ. "ಹಡಗಿನಲ್ಲಿ ಬೂಟು ಕೊಡ್ತಾರೆ, ಬಂದ ಮೇಲೆ ಹಾಕ್ಕೋತೀನಿ ಅಂತ ಬಿಟ್ಟು ಹೋದ. ಚಪ್ಪಲಿ ನಿಮ್ಮ ಹತ್ರ ಇದೆ."